ಕಪ್ಪು ಕಾಳಿನ ಸಾಹೇಬರು

ಸಾಹೇಬರನ್ನು ಮಣ್ಣು ಮಾಡಿದ ದಿನ ಕೊಪ್ಪಳದ ಖಬರಸ್ತಾನದಲ್ಲಿ ನಾನು ಎಲ್ಲರ ಹಿಂದೆ ನಿಂತಿದ್ದೆ. ತಲೆಗೆ ಕರವಸ್ತ್ರ ಕಟ್ಟಿಕೊಂಡಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ನೀವು ಆಫೀಸಿನವರೇನ್ರಿ?" ಎಂದು ಕೇಳಿದರು.

"ಅಲ್ರಿ. ಯಲಬುರ್ಗಾ ಕಡಿಯವ. ಒಕ್ಕಲುತನ ಮಾಡ್ತೀನ್ರಿ."

"ಮತ್ತ ಇವರ ಪರಿಚಯ ಹ್ಯಾಂಗ?"

"ನಮ್ಮ ಮನಿಗೆ ಬರ್ತಿದ್ರು," ಎಂದೆ.

ಅಷ್ಟರಲ್ಲಿ ಜನ ಮುಂದೆ ಸರಿದು ಹಿಡಿ ಹಿಡಿ ಮಣ್ಣು ಹಾಕತೊಡಗಿದರು. ನಾನೂ ಹಾಕಿ, ಬಸ್ಸು ಹತ್ತಿ ಊರಿಗೆ ಬಂದೆ. ಬಂದ ಮೇಲೆ ಆ ಹಿರಿಯರಿಗೆ ಕೊಟ್ಟ ಉತ್ತರ ಸಾಲದು ಅನ್ನಿಸಿತು. ಅವರು ನಮ್ಮ ಮನೆಗೆ ಯಾಕೆ ಬರುತ್ತಿದ್ದರು, ಆಮೇಲೆ ಯಾಕೆ ಬರುವುದನ್ನು ಬಿಟ್ಟರು ಎಂಬುದನ್ನು ಯಾರಾದರೂ ಬರೆದಿಡಬೇಕು. ನನಗೆ ಬರೆದು ರೂಢಿಯಿಲ್ಲ. ಆದರೂ ನೆನಪಿದ್ದಷ್ಟು ಬರೆಯುತ್ತೇನೆ.

ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ನಮ್ಮೂರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ಬೆಳೆಗೆ ಬರುವ ರೋಗ ನೋಡಲು ಸರಕಾರ ಕಳಿಸಿದ ಸಣ್ಣ ಅಧಿಕಾರಿ. ಮೊದಲು ಬರೀ ಸಾಹೇಬರಾಗಿದ್ದರು, ಒಂದು ಸುಗ್ಗಿ ಕಳೆಯುವುದರಲ್ಲಿ ಕಪ್ಪು ಕಾಳಿನ ಸಾಹೇಬರಾದರು.

ಎತ್ತರದ ಆಳು. ಹೊಲದ ಬದುವಿಗೆ ಬಂದ ಕೂಡಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ, ಒಂದು ಹೊಲದ ರೋಗವನ್ನು ಇನ್ನೊಂದು ಹೊಲಕ್ಕೆ ಒಯ್ಯುವವರು ನಮ್ಮ ಇಲಾಖೆಯವರೇ ಹೆಚ್ಚು ಎಂದು ನಗುತ್ತಿದ್ದರು. ವಯಸ್ಸು ನಲವತ್ತರ ಆಸುಪಾಸು ಇದ್ದೀತು, ಕೈಗಳು ಮಾತ್ರ ಮುದುಕರ ಕೈಗಳು. ಸದಾ ನಡುಗುತ್ತಿದ್ದವು. ಚಹಾದ ಬಸಿಯನ್ನು ಎರಡೂ ಕೈಯಿಂದ ಹಿಡಿದು, ಬಾಯನ್ನೇ ಅದರ ಹತ್ತಿರ ಒಯ್ದು ಕುಡಿಯುತ್ತಿದ್ದರು. ನಮ್ಮವ್ವ ಅವರಿಗೆ ಅರ್ಧ ಕಪ್ಪಿಗಿಂತ ಹೆಚ್ಚು ಚಹಾ ಹಾಕುತ್ತಿರಲಿಲ್ಲ. ಕುಡಿದಾದ ಮೇಲೆ ಏನೂ ಕೇಳದೆ ಇನ್ನರ್ಧ ಹಾಕುತ್ತಿದ್ದಳು. ಈ ಏರ್ಪಾಡಿನ ಬಗ್ಗೆ ಅವರಿಬ್ಬರೂ ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ.

ಕೈ ನಡುಗುವುದರ ಕಥೆಯನ್ನು ಅವರೇ ಒಮ್ಮೆ ಹೇಳಿದರು. ಎಪ್ಪತ್ತರ ದಶಕದಲ್ಲಿ ಅವರು ಗಂಗಾವತಿ ಕಡೆ ಬೀಜದ ಗೋದಾಮಿನಲ್ಲಿದ್ದರಂತೆ. ಕಾಲುವೆ ನೀರು ಬಂದು, ಎತ್ತ ನೋಡಿದರೂ ಭತ್ತವಾದ ಕಾಲ. ಬೀಜಕ್ಕೆ ಬೂಸರು ಹತ್ತಬಾರದೆಂದು ಕೆಂಪು ಬಣ್ಣದ ಪಾದರಸದ ಪುಡಿ ಬೆರೆಸಿ ಹಂಚುತ್ತಿದ್ದರು. ಡ್ರಮ್ಮಿನಲ್ಲಿ ಬೀಜ ಸುರಿಯುವುದು, ಪುಡಿ ಹಾಕುವುದು, ತಿರುಗಿಸುವುದು. ಕೈಗೆ ಚೀಲವಿಲ್ಲ, ಮೂಗಿಗೆ ಬಟ್ಟೆಯಿಲ್ಲ.

"ನನ್ನ ಜೋಡಿ ಒಬ್ಬ ಹಮಾಲ ಇದ್ದ ತಮ್ಮಾ," ಎಂದರು. "ನನಗಿಂತ ಗಟ್ಟಿ ಆಳು. ಒಂದು ದಿನ, ಬಾಯಿ ಜೋಂ ಅಂತೈತ್ರಿ ಸಾಹೇಬ್ರ ಅಂದ. ಬಿಸಿಲಿಗಿರಬೇಕು ಅಂದೆ. ಆಮ್ಯಾಲ ನಡಿಯೂದು ಮರತ. ಆಮ್ಯಾಲ ಮಾತು ಮರತ. ನನಗ ಬರೀ ಕೈಗೆ ಬಿಟ್ಟು ಹೋತು ಅದು."

ಅದನ್ನು ಹೇಳುವಾಗ ಅವರ ದನಿ ಏರಲಿಲ್ಲ. ಆದರೆ ಮುಂದೆ ಒಂದು ಮಾತು ಹೇಳಿದರು. ಅವರನ್ನು ಅರ್ಥ ಮಾಡಿಕೊಳ್ಳಲು ನನಗೆ ಆ ಒಂದು ಮಾತು ಸಾಕು.

"ಕೂಸು ಬಾಯಾಗ ಹಾಕ್ಕೊಂಡ್ರೂ ಸಾಯಬಾರದು, ಅಂಥಾ ಬೀಜ ಬೇಕು ನನಗ. ಆ ಕೆಂಪು ಪುಡಿ ಯಾರ ಮನಿ ಹೊಸ್ತಿಲಾನೂ ದಾಟಬಾರದು."

ನಮ್ಮದು ಎರೆ ನೆಲ. ಹಿಂಗಾರಿಗೆ ಕಡಲೆ ಬಿತ್ತುತ್ತೇವೆ. ಆಗಿನ ಕಾಲಕ್ಕೆ ಕಡಲೆಗೆ ಸಿಡಿ ರೋಗ ವಿಪರೀತವಾಗಿತ್ತು. ಸಂಜೆ ನೋಡಿದರೆ ಗಿಡ ನೆಟ್ಟಗೆ ಇರುತ್ತದೆ, ಬೆಳಗ್ಗೆ ಹೋದರೆ ಹಸಿರಿದ್ದಂತೆಯೇ ಜೋತು ಬಿದ್ದಿರುತ್ತದೆ. ಬುಡ ಸೀಳಿದರೆ ಒಳಗೆ ಕಪ್ಪು ಗೆರೆ. ನೆಲದೊಳಗಿನ ಬೂಸರು ಬೇರಿನಿಂದ ಏರಿ ನೀರಿನ ದಾರಿ ಕಟ್ಟಿಬಿಡುತ್ತದೆ ಎಂದು ಅವರೇ ತೋರಿಸಿದ್ದು. ಎಂಬತ್ತರ ನಂತರದ ಒಂದು ಚಳಿಗಾಲದಲ್ಲಿ ಅವರು ನಮ್ಮ ಹೊಲಕ್ಕೆ ಮೊದಲ ಸಲ ಬಂದಾಗ ನಡುವೆ ಕಣದಷ್ಟು ಜಾಗ ಪೂರ್ತಿ ಸತ್ತಿತ್ತು. ನಾನು ಸತ್ತ ಗಿಡ ಕಿತ್ತು ಕೈಗೆ ಕೊಡಲು ಹೋದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಸತ್ತ ಜಾಗದ ನಟ್ಟನಡುವೆ ಒಂದೇ ಒಂದು ಗಿಡ ಹಸಿರಾಗಿ ಹೂ ಹಿಡಿದು ನಿಂತಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ಸತ್ತವರನ್ನ ಎಲ್ಲಾರೂ ನೋಡ್ತಾರ. ಇವ ಯಾಕ ಉಳದ ಅಂತ ಕೇಳಬೇಕಲ್ಲ?"

ಆ ಗಿಡವನ್ನು ಬೇರಿನ ಮಣ್ಣು ಸಮೇತ ಎತ್ತಿ, ಹಸಿ ಬಟ್ಟೆಯಲ್ಲಿ ಸುತ್ತಿ ಒಯ್ದರು. ದೂರದ ಕೃಷಿ ಕಾಲೇಜಿನಲ್ಲಿ ಅವರ ಗೆಳೆಯರೊಬ್ಬರಿದ್ದರಂತೆ. ಆ ಬೇರಿನ ಸುತ್ತ ವಾಸವಿದ್ದ ಕಣ್ಣಿಗೆ ಕಾಣದ ಜೀವಾಣುಗಳನ್ನು ಅವರು ಗಾಜಿನ ಬಟ್ಟಲಲ್ಲಿ ಬೆಳೆಸಿದರಂತೆ. ಅವುಗಳಲ್ಲಿ ಒಂದು ಜಾತಿ ಬೂಸರನ್ನು ಹತ್ತಿರ ಬರಗೊಡುವುದಿಲ್ಲ ಎಂದು ತಿಳಿಯಿತು. ಅದನ್ನು ಇದ್ದಿಲ ಪುಡಿಯಲ್ಲಿ ಬೆರೆಸಿ, ಮುಂದಿನ ಹಿಂಗಾರಿಗೆ ಸಾಹೇಬರು ನಮ್ಮೂರಿಗೆ ತಂದರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ದಾರಿಯುದ್ದಕ್ಕೂ ಸುತ್ತಿದ ಬಟ್ಟೆಗೆ ನೀರು ಚಿಮುಕಿಸುತ್ತ. ಕಂಡಕ್ಟರ್ ಕೇಳಿದನಂತೆ, "ಏನ್ರಿ ಸಾಹೇಬ್ರ, ಹಾಲುಗೂಸೇನ್ರಿ?"

"ಹೌದಪ್ಪಾ. ಬಿಸಲು ತಡಿಯೂದಿಲ್ಲ," ಎಂದರಂತೆ ಇವರು.

ಅವ್ವನಿಗೆ ಅದು ಏನೆಂದು ತಿಳಿಸಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಮೊಸರಿಗೆ ಹೆಪ್ಪು ಹಾಕ್ತೀರಲ್ರಿ ಅವ್ವಾರ, ಹಂಗ. ಇದು ಬೇರಿಗೆ ಹಾಕೂ ಹೆಪ್ಪು."

"ಅಂದ್ರ ಇದರಾಗ ಜೀವ ಐತೇನೋ ಯಪ್ಪಾ?"

"ಜೀವ ಐತ್ರಿ. ಆ ಕೆಂಪು ಪುಡ್ಯಾಗ ಇಸಾ ಐತಿ, ಇದರಾಗ ಜೀವ ಐತಿ."

ನಮ್ಮ ಮನೆಯ ಕಟ್ಟೆಯ ಮೇಲೆ ಬೆಲ್ಲದ ನೀರು ಕಾಯಿಸಿ, ಆರಿಸಿ, ಮಣ್ಣಿನ ಗಡಿಗೆಯಲ್ಲಿ ಪುಡಿ ಕಲಸಿ ಕಾಳಿಗೆ ಹಚ್ಚಿದರು. ನೆರಳಿನಲ್ಲಿ ಕಂಬಳಿಯ ಮೇಲೆ ಹರವಿದರು. ಕಡಲೆ ಕರ್ರಗೆ ಹೊಳೆಯುತ್ತಿತ್ತು. ಓಣಿಯ ಜನ ಸೇರಿದರು. ನಮ್ಮ ಬಾಜೂ ಮನೆಯ ಬಸಪ್ಪ ಕಾಕಾ ಮಾತಿನಲ್ಲಿ ಚುಚ್ಚುವುದರಲ್ಲಿ ಹೆಸರಾದವನು.

"ಆ ಕೆಂಪು ಪುಡಿಗೆ ಇಲಿ ಸಾಯ್ತಾವ, ಕೋಳಿ ಸಾಯ್ತಾವ. ನಿಮ್ಮ ಕರೇ ಪುಡಿಗೆ ಏನು ಸಾಯ್ತೈತ್ರಿ ಸಾಹೇಬ್ರ?"

"ಏನೂ ಸಾಯೂದಿಲ್ರಿ ಕಾಕಾ."

"ಹಂಗಾರ ಅದು ಔಷಧ ಹ್ಯಾಂಗಾತು? ಬಡಿಲಾರದ ಪೊಲೀಸ ಇದ್ದಂಗ."

ಎಲ್ಲರೂ ನಕ್ಕರು. ಯಾರೋ ಹಿಂದಿನಿಂದ, ಇದೂ ಇಸಾನೇ ಇರಬೇಕು, ಬಣ್ಣ ಅಷ್ಟೇ ಬ್ಯಾರೆ, ಅಂದರು. ಸಾಹೇಬರು ಕಂಬಳಿಯಿಂದ ಒಂದು ಹಿಡಿ ಕಾಳು ಎತ್ತಿಕೊಂಡು, ತಂಬಿಗೆಯ ನೀರಿನಲ್ಲಿ ತೊಳೆದು ಬಾಯಿಗೆ ಹಾಕಿಕೊಂಡರು. ಅಗಿದು ನುಂಗಿ, ನಾಲಿಗೆ ತೋರಿಸಿದರು. ಹಲ್ಲೆಲ್ಲ ಕಪ್ಪಾಗಿದ್ದವು. "ಬೆಲ್ಲದ ರುಚಿ ಇನ್ನೂ ಐತ್ರಿ," ಎಂದರು. ಅವ್ವ ಒಳಗಿನಿಂದ ಮಜ್ಜಿಗೆ ತಂದುಕೊಟ್ಟು, "ಇದ್ದಲಿ ತಿನ್ನೂವಂಥಾ ನೌಕರಿ ಯಾಕರೆ ಹಿಡದ್ಯೋ ಯಪ್ಪಾ," ಎಂದಳು.

ಆ ಮೇಲೆ ಕಾಳು ತಿಂದು ತೋರಿಸುವುದು ಅವರ ರೂಢಿಯೇ ಆಯಿತು. ಕುಷ್ಟಗಿ ಕಡೆ ಹೋದರೂ ತಿನ್ನುತ್ತಿದ್ದರು, ತಳಕಲ್ ಸಂತೆಯಲ್ಲೂ ತಿನ್ನುತ್ತಿದ್ದರು. ನೂರು ಮಾತಿಗಿಂತ ಒಂದು ಹಿಡಿ ಕಾಳು ಮೇಲು ಎನ್ನುತ್ತಿದ್ದರು. ನಮ್ಮೂರ ಹುಡುಗರು ಆಟದಲ್ಲಿ ಸಾಹೇಬನಾಗಬೇಕಾದರೆ ಬಾಯಿಗೆ ಇದ್ದಿಲು ಹಚ್ಚಿಕೊಳ್ಳುತ್ತಿದ್ದರು.

ಆ ವರ್ಷ ನಮ್ಮ ಹೊಲದ ಅರ್ಧಕ್ಕೆ ಕಪ್ಪು ಕಾಳು, ಅರ್ಧಕ್ಕೆ ಸಾದಾ ಕಾಳು ಬಿತ್ತಿದ್ದೆವು. ಸಾದಾ ಕಡೆ ಎಂದಿನಂತೆ ಅಲ್ಲಲ್ಲಿ ಜೋತು ಬಿತ್ತು. ಕಪ್ಪು ಕಡೆ ಒಂದೂ ಸಾಯಲಿಲ್ಲ ಎಂದು ಹೇಳಲಾರೆ, ಆದರೆ ಬದುವಿನ ಮೇಲೆ ನಿಂತರೆ ಯಾವುದು ಯಾವ ಕಡೆ ಎಂದು ಕುರುಡನಿಗೂ ಗೊತ್ತಾಗುವಂತಿತ್ತು. ಬಸಪ್ಪ ಕಾಕಾ ಬಂದು ನೋಡಿ, "ಪೊಲೀಸ ಬಡೀಲಿಲ್ಲಂದ್ರೂ ಊರು ಕಾದಾನ ಬಿಡ್ರಿ," ಎಂದು ಒಪ್ಪಿಕೊಂಡ. ಸಾಹೇಬರ ಮೇಲಿನವರು ಮಾತ್ರ ಒಪ್ಪಿರಲಿಲ್ಲ. ಒಂದು ಹೊಲದ ಮಾತು ಸಾಲದು, ಇಡೀ ಊರು ಬಿತ್ತಲಿ, ಫಲ ಬಂದರೆ ನೋಡೋಣ, ಬರದಿದ್ದರೆ ಹಳೆಯ ಪುಡಿಯೇ ಗತಿ ಎಂದಿದ್ದರಂತೆ.

ಮರುವರ್ಷ ಇಡೀ ಊರು ಕಪ್ಪು ಕಾಳು ಕೇಳಿತು. ಬಿತ್ತಿಗೆಯ ಹದ ಎಲ್ಲ ಊರಿಗೂ ಒಂದೇ ಸಲ ಬರುತ್ತದೆ. ಸಾಹೇಬರು ಪುಡಿಯ ಪೊಟ್ಟಣಗಳನ್ನು ಅವ್ವನ ಕೈಗೆ ಒಪ್ಪಿಸಿ, ಹಿಂದಿನ ಸಲದಂತೆಯೇ ಮಾಡಿ ಎಂದು ಹೇಳಿ ಕುಷ್ಟಗಿ ಕಡೆ ಓಡಿದರು. ಅವ್ವ ಹೇಳಿದಂತೆಯೇ ಮಾಡಿದಳು. ಬೆಲ್ಲದ ನೀರು ಕಾಯಿಸಿ ಚೆನ್ನಾಗಿ ಆರಿಸಿದಳು. ಬಿಸಿಲು ತಾಗಿಸಲಿಲ್ಲ. ಆದರೆ ಇಡೀ ಊರಿಗೆ ಹಂಚುವ ಔಷಧ, ಅದರಲ್ಲೂ ಜೀವ ಇರುವಂಥದ್ದು. ಅದನ್ನು ಮಣ್ಣಿನ ಗಡಿಗೆಯಲ್ಲಿ ಕಲಸಲು ಅವಳಿಗೆ ಮನಸ್ಸು ಬರಲಿಲ್ಲ. ಅವಳ ಮದುವೆಯಲ್ಲಿ ತವರಿನವರು ಕೊಟ್ಟ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದಳು. ಹಿಂದಿನ ಸಂಜೆಯೇ ಅದರಲ್ಲಿ ಪುಡಿ ಕಲಸಿ, ಕುಂಕುಮ ಹಚ್ಚಿ, ದೇವರ ಜಗುಲಿಯ ಮುಂದೆ ಇಟ್ಟಳು. ಬೆಳಗ್ಗೆ ಒಬ್ಬೊಬ್ಬರಾಗಿ ಬಂದು ಕಾಳಿಗೆ ಹಚ್ಚಿಸಿಕೊಂಡು ಹೋದರು. ಯಾರೂ ಚಪ್ಪಲಿ ಹಾಕಿಕೊಂಡು ಒಳಗೆ ಬರಲಿಲ್ಲ.

ಆ ವರ್ಷ ಊರಿನ ಕಡಲೆ ಜೋತು ಬಿತ್ತು. ಸಾಹೇಬರು ಹೊಲದಿಂದ ಹೊಲಕ್ಕೆ ನಡೆದರು. ಪುಡಿ ಬಸ್ಸಿನಲ್ಲಿ ಕಾದು ಕೆಟ್ಟಿರಬೇಕು ಎಂದು ತಮ್ಮನ್ನೇ ಬೈದುಕೊಂಡರು. ಮೇಲಿನವರಿಗೂ, ಪುಡಿ ಫಲ ಕೊಡಲಿಲ್ಲ ಎಂದು ಇದ್ದದ್ದನ್ನು ಇದ್ದಂತೆ ತಿಳಿಸಿದರು.

ಮತ್ತೆ ಅವರು ಬಂದದ್ದು ಮುಂದಿನ ಬಿತ್ತಿಗೆಗೆ ಸ್ವಲ್ಪ ಮೊದಲು. ಅವ್ವ ಅಂಗಳದಲ್ಲಿ ಆ ಹಂಡೆಯನ್ನೇ ತಿಕ್ಕುತ್ತ ಕುಳಿತಿದ್ದಳು.

"ಹೋದ ಸಲ ನಿನ್ನ ಔಷಧ ಇದರಾಗ ಕಲಸಿದ್ನೋ ಯಪ್ಪಾ. ಗಡಗ್ಯಾಗ ಇಡೂದು ಛಲೋ ಕಾಣಲಿಲ್ಲ," ಎಂದಳು.

ಸಾಹೇಬರು ಹಂಡೆಯನ್ನು ಸ್ವಲ್ಪ ಹೊತ್ತು ನೋಡಿದರು. "ಭಾಳ ಛಲೋ ಹಂಡೆ ಐತ್ರಿ ಅವ್ವಾರ," ಎಂದರು. ಅರ್ಧ ಕಪ್ಪು ಚಹಾ, ಮತ್ತೆ ಅರ್ಧ ಕಪ್ಪು ಕುಡಿದರು. ನಾನು ಬಸ್ಸಿಗೆ ಕಳಿಸಲು ಹೊರಟೆ. ಊರು ದಾಟಿದ ಮೇಲೆ ಅವರು ಬಾಯಿ ಬಿಟ್ಟರು.

"ಈಗ ಕುಡದ್ವಲ್ಲ ಚಹಾ, ಅದರ ಗಿಡಕ್ಕೂ ಬೂಸರು ಬರ್ತೈತಿ. ಚಹಾ ಬೆಳಿಯೂ ಗುಡ್ಡದ ತೋಟದಾಗ ಅದಕ್ಕ ತಾಮ್ರದ ಔಷಧ ಹೊಡೀತಾರ. ಬೂಸರೂ ಸಾಯ್ತೈತಿ, ಇಂಥಾ ಜೀವಾಣೂ ಸಾಯ್ತಾವ. ನಾವೂ ಅದನ್ನ ಮಾಡೀವಿ. ಇಡೀ ರಾತ್ರಿ ತಾಮ್ರದಾಗ ಇಟ್ಟು, ಬೆಳಿಗ್ಗೆ ಸತ್ತದ್ದನ್ನ ಹಂಚೀವಿ."

ತಾಮ್ರವನ್ನು ಯಾವ ಗುಣಕ್ಕಾಗಿ ಶುದ್ಧ ಎನ್ನುತ್ತೇವೋ ಆ ಗುಣವೇ ಔಷಧವನ್ನು ಕೊಂದಿತ್ತು. ನನಗೆ ಒಂದು ಕ್ಷಣ ನಗು ಬಂದು, ಅವರ ಮುಖ ನೋಡಿ ನಿಂತಿತು.

"ಅವ್ವಗ ಹೇಳೂಣ್ರಿ. ಮುಂದಿನ ಸಲ ಗಡಗ್ಯಾಗ ಕಲಸ್ತಾಳ."

"ಬ್ಯಾಡ ತಮ್ಮಾ. ಅವರು ಮರ್ಯಾದಿ ಮಾಡ್ಯಾರ. ಮರ್ಯಾದಿ ಮಾಡಿದ್ದು ತಪ್ಪು ಅಂತ ಯಾವ ಬಾಯಿಲೆ ಹೇಳ್ಲಿ?" ಸ್ವಲ್ಪ ದೂರ ನಡೆದ ಮೇಲೆ, "ಮುಂದಿನ ಸಲ ಅನ್ನೂದೂ ಇಲ್ಲ. ಈ ವರ್ಷ ಕೆಂಪು ಬೀಜ ಬರ್ತೈತಿ. ಮ್ಯಾಲಿಂದ ಹುಕುಂ ಆಗೇತಿ. ಮ್ಯಾಲಿನವರಿಗೆ ಹಂಡೇದ ಮಾತು ಹೇಳಿದ್ರ ನಗತಾರ," ಎಂದರು.

ಕೆಂಪು ಬೀಜದ ಚೀಲಗಳು ಬಂದವು. ಮೇಲೆ ತಲೆಬುರುಡೆಯ ಚಿತ್ರ, ಕೆಳಗೆ ಇಂಗ್ಲಿಷ್ ಅಕ್ಷರ. ಅವುಗಳನ್ನು ಹಂಚುವ ಕೆಲಸ ಸಾಹೇಬರದೇ ಆಗಿತ್ತು. ಚಾವಡಿಯಲ್ಲಿ ನಿಂತು ದನಿ ಎತ್ತಿ ಹೇಳಿದರು. ಕೋಳಿಗೆ ಹಾಕಬೇಡಿ, ದನಕ್ಕೆ ಹಾಕಬೇಡಿ, ತೊಳೆದರೆ ಬಣ್ಣ ಹೋಗುತ್ತದೆ, ವಿಷ ಹೋಗುವುದಿಲ್ಲ. ಕೇಳಿಸಿಕೊಂಡವರು ಗಂಡಸರು. ಹೆಂಗಸರು ಚಾವಡಿಗೆ ಬರುವ ರೂಢಿ ನಮ್ಮಲ್ಲಿ ಇರಲಿಲ್ಲ.

ನಾನು ಮನೆಗೆ ಬಂದು ಅವ್ವನಿಗೂ ಹೆಂಡತಿಗೂ ಹೇಳಿದೆ. ಹೆಂಡತಿ ಚೀಲದ ಹತ್ತಿರ ಸುಳಿಯಲಿಲ್ಲ. ಅವ್ವ ನಕ್ಕಳು. "ಆ ಸಲನೂ ಊರ ಮಂದಿ ಇಸಾ ಅಂದಿದ್ರು. ಅವನೇ ತೊಳದು ತಿಂದು ತೋರಿಸಲಿಲ್ಲೇನು? ತೊಳದ್ರ ಆತು."

"ಇದು ಬ್ಯಾರೆ ಐತಿ ಅವ್ವಾ. ಸಾಹೇಬ್ರ ಹೇಳ್ಯಾರ."

"ಆತು ಬಿಡೋ," ಎಂದಳು.

ಆ ಹಿಂಗಾರಿಗೆ ಮಳೆ ಅರ್ಧಕ್ಕೆ ಕೈಕೊಟ್ಟು, ಒಂದಷ್ಟು ಬೀಜ ಉಳಿಯಿತು. ಚೀಲದ ಬಾಯಿ ಕಟ್ಟಿ ಅಟ್ಟದ ಮೇಲೆ ಹಾಕಿದೆ. ಅದನ್ನು ಅವ್ವ ಯಾವಾಗ ಇಳಿಸಿಕೊಂಡಳೋ ನಮಗೆ ಗೊತ್ತಾಗಲಿಲ್ಲ. ಮೊಣಕಾಲು ನೋವು ಅವಳಿಗೆ ಹಳೆಯದು. ದಿನಾ ಒಂದು ಬೊಗಸೆ ತೊಳೆದು, ಒಣಗಿಸಿ, ಹುರಿದು, ಬೀಸುವ ಕಲ್ಲಿನಲ್ಲಿ ಬೀಸಿಕೊಂಡು, ಬೆಲ್ಲ ಕಲಸಿ ತಿನ್ನುತ್ತಿದ್ದಳು. ಕಡಲೆ ಹಿಟ್ಟು ತಿನ್ನುತ್ತಿದ್ದಾಳೆ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ಮಕ್ಕಳು ಕೈಚಾಚಿದರೆ, "ಬ್ಯಾಡೋ, ಭಾಳ ಕಸುವಿಂದು ಐತಿ, ಎಳೇ ಹೊಟ್ಟಿಗೆ ತಡಿಯೂದಿಲ್ಲ," ಎನ್ನುತ್ತಿದ್ದಳು. ನಮ್ಮ ಮಕ್ಕಳು ಉಳಿದದ್ದು ಆ ಮಾತಿನಿಂದ.

ಸಂಕ್ರಾಂತಿಯ ಹೊತ್ತಿಗೆ ಅವಳು ಬಡಿಯುವ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕು ಆಗತೊಡಗಿತು. ತುಟಿ ಜೋಂ ಅನ್ನುತ್ತದೆ ಎಂದಳು. ಗೋಡೆ ಹಿಡಿದು ನಡೆಯತೊಡಗಿದಳು. ಮಗ್ಗುಲಲ್ಲಿ ನಿಂತವರು ಅವಳಿಗೆ ಕಾಣುತ್ತಿರಲಿಲ್ಲ. ಬೆಳಕಿಂಡಿಯೊಳಗಿಂದ ನೋಡಿದಂತೆ ಎದುರಿಗಿದ್ದದ್ದಷ್ಟೇ ಕಾಣುತ್ತದೆ ಎಂದಳು. ಕೊಪ್ಪಳದ ದವಾಖಾನೆಗೆ ಸೇರಿಸಿದೆವು. ಲಕ್ವಾ ಇರಬಹುದು ಎಂದರು.

ಸುದ್ದಿ ತಿಳಿದು ಸಾಹೇಬರು ಬಂದರು. ಕೈಯಲ್ಲಿ ಮೋಸಂಬಿಯ ಚೀಲವಿತ್ತು. ಕಾಟಿನ ಹತ್ತಿರ ಬಂದು ಅವ್ವನ ಬಾಯಿ ನೋಡಿದರು, ಕೈ ನೋಡಿದರು. ಚೀಲವನ್ನು ನೆಲಕ್ಕಿಟ್ಟರು. ಅವ್ವನ ಕೈ ಹಿಡಿದುಕೊಂಡರು. ಯಾರ ಕೈ ಯಾರ ಕೈಯನ್ನು ನಡುಗಿಸುತ್ತಿದೆ ಎಂದು ಹೇಳುವಂತಿರಲಿಲ್ಲ.

"ಅವ್ವಾರ, ಏನು ತಿಂದ್ರಿ?"

ಅವ್ವನ ಮಾತು ಆಗಲೇ ತೊದಲುತ್ತಿತ್ತು. ಕೇಳಿದ್ದಕ್ಕೆ ಅವಳಿಗೆ ಸಂತೋಷವಾದಂತೆ ಕಂಡಿತು. "ನಿನ್ನ ಕಾಳೋ ಯಪ್ಪಾ. ತೊಳದ ತಿಂದೀನಿ. ಅದರಾಗ ಜೀವ ಐತಿ ಅಂದಿದ್ಯಲ್ಲ... ಮೊಣಕಾಲಿಗೆ ಬಲ ಬರ್ಲಿ ಅಂತ."

"ಕೆಂಪೂ?"

"ಹೂಂ. ಅದಕ್ಕೇನಾತು?"

"ಏನೂ ಇಲ್ರಿ. ಆರಾಮ ಮಾಡ್ರಿ," ಎಂದರು. ಅವ್ವನ ಸೆರಗನ್ನು ಎದೆಯ ಮೇಲೆ ಸರಿಮಾಡಿ ಹೊರಗೆ ಹೋದರು. ವೈದ್ಯರ ಕೋಣೆಯಲ್ಲಿ ನಿಂತುಕೊಂಡೇ ಎಲ್ಲ ಹೇಳಿದರು. ಯಾವ ಪುಡಿ, ಎಷ್ಟು ದಿನದಿಂದ ತಿಂದಿರಬಹುದು, ಗಂಗಾವತಿಯ ಹಮಾಲನಿಗೆ ಮೊದಲು ಏನಾಯಿತು, ಆಮೇಲೆ ಏನಾಯಿತು. ವೈದ್ಯರು ಬರೆದುಕೊಂಡರು. ಅದಕ್ಕೆ ಬೇಕಾದ ಔಷಧ ಇಲ್ಲಿಲ್ಲ, ಇದ್ದರೂ ಈಗ ತಡವಾಗಿದೆ ಎಂದರು.

ಶಿವರಾತ್ರಿಗೆ ಮೊದಲು ಅವ್ವ ಹೋದಳು. ಕೊನೆಗೆ ನನ್ನ ಹೆಸರು ಹಿಡಿದು ಕರೆಯಲೂ ಅವಳಿಗೆ ಬಾಯಿ ತಿರುಗಲಿಲ್ಲ. ಮಣ್ಣಿಗೆ ಬಂದ ಸಾಹೇಬರು ಮನೆಯೊಳಗೆ ಬರಲಿಲ್ಲ, ಓಣಿಯ ತುದಿಯ ಬೇವಿನ ಗಿಡದ ಕೆಳಗೆ ನಿಂತಿದ್ದರು. "ಆ ಮನಷ್ಯಾ ಮತ್ತ ನಮ್ಮ ಹೊಸ್ತಿಲಾ ತುಳೀಬಾರದು," ಎಂದು ನನ್ನ ಹೆಂಡತಿ ಅಂದಳು. ಅವರೂ ತುಳಿಯಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಬೇಕಾಗಿತ್ತು ಎಂದು ಎಷ್ಟೋ ಜನ ಹೇಳಿದ್ದಾರೆ. ಆ ಕೈ ಹಿಡಿದುಕೊಂಡಿದ್ದನ್ನು ನೋಡಿದ್ದೆ. ಸಿಟ್ಟು ಬರಲಿಲ್ಲ.

ಮುಂದಿನ ಹಿಂಗಾರಿಗೆ ಅವರು ಮತ್ತೆ ನಮ್ಮೂರಿಗೆ ಬಂದರು. ಮೇಲಿನವರ ಕೈಕಾಲು ಹಿಡಿದು ಒಂದೇ ಒಂದು ಅವಕಾಶ ಕೇಳಿಕೊಂಡಿದ್ದರಂತೆ. ಊರು ಒಪ್ಪಿದರೆ ಕಪ್ಪು ಕಾಳು, ಒಪ್ಪದಿದ್ದರೆ ಕೆಂಪು. ಈ ಸಲ ತಾವೇ ಕಾಳಿಗೆ ಪುಡಿ ಹಚ್ಚಿ, ಒಣಗಿಸಿ, ಚೀಲ ತುಂಬಿಕೊಂಡು ತಂದಿದ್ದರು. ಹೆಣ್ಣುಮಕ್ಕಳು ಬಂದರೆ ಮಾತ್ರ ಮಾತಾಡುತ್ತೇನೆ ಎಂದು ಹಟ ಹಿಡಿದರು. ಕೊನೆಗೆ ಹೆಂಗಸರೂ ಬಂದು ಚಾವಡಿಯ ಗೋಡೆಗೆ ಆತು ನಿಂತರು. ನನ್ನ ಹೆಂಡತಿಯೂ ಇದ್ದಳು.

ಸಾಹೇಬರು ಮೊದಲು ಅವ್ವನ ಮಾತು ತೆಗೆದರು. "ಆ ಅವ್ವಾರು ಸತ್ತದ್ದು ಕೆಂಪು ಕಾಳು ತಿಂದು. ಅವರು ತಿಂದದ್ದು ನಾನು ತಿಂದು ತೋರಿಸಿದ್ದಕ್ಕ. ಇದನ್ನ ನಿಮ್ಮ ಮುಂದ ಹೇಳಾಕ ಬಂದೀನಿ." ಆಮೇಲೆ ಚೀಲ ಬಿಚ್ಚಿ ಕಪ್ಪು ಕಾಳಿನ ಬಗ್ಗೆ ಹೇಳಿದರು. ತಾಮ್ರದ ಪಾತ್ರೆ ತಾಗಿಸಬಾರದು ಎಂದರು. ಯಾರ ಪಾತ್ರೆ, ಯಾವ ವರ್ಷ ಎಂದು ಹೇಳಲಿಲ್ಲ.

ಜನ ಸುಮ್ಮನೆ ಕೇಳಿದರು. ಬಸಪ್ಪ ಕಾಕಾ ಎದ್ದು ನಿಂತ. ಈ ಸಲ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ.

"ಎಲ್ಲಾ ಖರೇ ಸಾಹೇಬ್ರ. ಇದು ಛಲೋದು ಅಂತೀರಿ. ನಮಗೂ ಆ ಕೆಂಪೂದು ಬ್ಯಾಡಾಗೇತಿ. ಮೊದಲಿನಂಗ ನಾಲ್ಕು ಕಾಳು ಬಾಯಾಗ ಹಾಕ್ಕೊಂಡು ತೋರಸ್ರಿ. ಇಲ್ಲೇ ಈಗ ಎಲ್ಲಾರೂ ಹೊತಗೊಂಡು ಹೊಕ್ಕೀವಿ."

ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಕೈ ಚೀಲದ ಬಾಯಿಯ ಮೇಲಿತ್ತು. ಕಾಳು ಬೆರಳಿಗೆ ತಾಗುತ್ತಿತ್ತು.

"ಬೀಜ ತಿನ್ನೂದಲ್ರಿ ಕಾಕಾ," ಎಂದರು.

"ಹಂಗ್ಯಾಕಂತೀರಿ? ನೀವ ತಿಂದ್ರಲ್ಲ ಆವಾಗ."

"ತಪ್ಪು ಮಾಡಿದೆ. ಬೀಜ ಯಾವ ಬಣ್ಣದ್ದ ಇರ್ಲಿ, ಯಾರೂ ತಿನ್ನಬಾರದು. ನಾನೂ ತಿನ್ನಬಾರದು."

"ಅಂಜಿಕಿ ಐತೇನ್ರಿ?"

"ಹೌದ್ರಿ. ಅಂಜಿಕಿ ಐತಿ."

ಆ ಮಾತನ್ನು ಜನ ಬೇರೆ ರೀತಿ ತೆಗೆದುಕೊಂಡರು. ತಾ ತಿನ್ನಲಾರದ್ದು ನಮಗ್ಯಾಕ, ಎಂದು ಗೋಡೆಯ ಕಡೆಯಿಂದ ಒಬ್ಬಳು ಅಂದಳು. ಒಬ್ಬೊಬ್ಬರಾಗಿ ಎದ್ದರು. ನಾನು, ನಮ್ಮ ಹೊಲಕ್ಕೆ ಕೊಡಿ ಎಂದೆ. ಸಾಹೇಬರು ನನ್ನ ಹೆಂಡತಿಯ ಕಡೆ ನೋಡಿದರು. ಅವಳು ಸೆರಗು ಎಳೆದುಕೊಂಡು ಹೊರಟುಹೋದಳು. "ಮನ್ಯಾಗ ಒಪ್ಪಿಗಿ ಇಲ್ಲದ ಬೀಜ ಒಯ್ಯಬ್ಯಾಡ ತಮ್ಮಾ," ಎಂದು ಅವರು ಚೀಲದ ಬಾಯಿ ಕಟ್ಟಿದರು.

ಚೀಲಗಳನ್ನು ಒಂದು ಚಕ್ಕಡಿಯಲ್ಲಿ ಮುಂದೆ ಕಳಿಸಿ, ನಾವಿಬ್ಬರೂ ತಳಕಲ್ ಕಡೆ ನಡೆದೆವು. ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ.

"ಒಂದು ಕಾಳು ಬಾಯಾಗ ಹಾಕ್ಕೊಂಡಿದ್ರ ಎಲ್ಲಾರೂ ಒಯ್ತಿದ್ರಲ್ರಿ ಸಾಹೇಬ್ರ. ಇಷ್ಟು ವರ್ಷ ಗುದ್ದಾಡಿದ್ದು ಕೈಗೆ ಬರ್ತಿತ್ತಲ್ರಿ."

ಅವರು ನಡೆಯುತ್ತಲೇ ಹೇಳಿದರು. "ನಿಮ್ಮವ್ವನ ಮುಂದ ಹಾಕ್ಕೊಂಡಿದ್ದೆ."

ಬಸ್ಸು ಬಂದಾಗ ಚೀಲಗಳನ್ನು ಅದರ ಮೇಲೆ ಏರಿಸಿದೆವು. ಅವರು ಮತ್ತೆ ನಮ್ಮೂರಿಗೆ ಬರಲಿಲ್ಲ.

ಆ ವರ್ಷ ಕೆಂಪು ಬೀಜವೇ ಬಂತು. ಬಿತ್ತಿಗೆ ಮುಗಿಯಿತು. ಒಂದು ಮುಂಜಾನೆ ಓಣಿಯ ಹೆಂಗಸರೆಲ್ಲ ಗುದ್ದಲಿ, ಬುಟ್ಟಿ ಹಿಡಿದು ಊರ ಹೊರಗಿನ ಬೀಳು ನೆಲದ ಕಡೆ ಹೊರಟರು. ಯಾರೂ ಅವರಿಗೆ ಹೇಳಿರಲಿಲ್ಲ. ಮನೆಮನೆಯಲ್ಲಿ ಉಳಿದಿದ್ದ ಕೆಂಪು ಕಾಳನ್ನು ಒಂದೂ ಬಿಡದೆ ಒಯ್ದು, ತಗ್ಗು ತೋಡಿ ಮುಚ್ಚಿದರು. ನನ್ನ ಹೆಂಡತಿ ತಿರುಗಿ ಬಂದು ಬಾಗಿಲಲ್ಲಿ ನಿಂತು, ಬೂದಿ ಹಚ್ಚಿ ಕೈ ತಿಕ್ಕಿ ತೊಳೆದುಕೊಂಡಳು. ಮತ್ತೊಮ್ಮೆ ತೊಳೆದುಕೊಂಡಳು.

"ಕೊಪ್ಪಳಕ್ಕ ಹೋದಾಗ ಅವರಿಗೆ ತಿಳಸ್ರಿ," ಎಂದಳು.

ಹೋಗಿ ತಿಳಿಸಿದೆ. ಸಾಹೇಬರು ಆಫೀಸಿನ ಹಿಂದಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಅವರಿಗೆ ಸಂತೋಷವಾಗಬಹುದು ಎಂದುಕೊಂಡಿದ್ದೆ. ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ.

"ಎಲ್ಲಾ ಮನಿಯವರೂ ಒಯ್ದರೇನು?"

"ಎಲ್ಲಾ ಮನಿಯವರೂ ಒಯ್ದಾರ್ರಿ."

"ತಗ್ಗು ಎಷ್ಟು ಆಳ ತೋಡ್ಯಾರ?"

"ನಡಾ ಮಟಾ ಐತ್ರಿ. ನಾಯಿ ಕೆದರಿದ್ರೂ ಹತ್ತೂದಿಲ್ಲ."

ಅವರು ಮೆಟ್ಟಿಲಿನಿಂದ ಎದ್ದರು.

"ಹತ್ರ ಭಾವಿ ಇಲ್ಲಲ್ಲ?"

"ಇಲ್ರಿ," ಎಂದೆ.